ಪಶ್ಚಿಮ ಫ್ರಾನ್ಸಿನ ನಗರಗಳು: ಹನ್ನೊಂದರ ಪಟ್ಟಿಯಲ್ಲಿ ಉಳಿಯಬೇಕಾದ ಆರು

ಪ್ರಶ್ನೆ: ಶರಾವತಿ ಕಣಿವೆಯ ಜಲವಿದ್ಯುತ್ ಕೇಂದ್ರವೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾಗಿದ್ದೇನೆ. ಮಗಳು ಫ್ರಾನ್ಸಿನ ನಾಂತ್ ನಗರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಸೆಪ್ಟೆಂಬರ್ ತಿಂಗಳ ಉತ್ತರಾರ್ಧದಲ್ಲಿ ನಾನೂ ಪತ್ನಿಯೂ ಅಲ್ಲಿಗೆ ಹೋಗುವವರಿದ್ದೇವೆ. ಪ್ಯಾರಿಸ್ ಬಿಟ್ಟು ನಮಗೆ ಎಂಟು ರಾತ್ರಿಗಳಿವೆ. ಪ್ರವಾಸ ಸಂಸ್ಥೆಯವರು ಲ ಮಾನ್, ರೆನ್, ಸ್ಯಾಂ ಮಾಲೋ, ಮೋಂ ಸ್ಯಾಂ ಮಿಶೆಲ್, ಬ್ರೆಸ್ಟ್, ಲೋರಿಯಾಂ, ನಾಂತ್, ಆಂಜೆ, ಪ್ವಾತಿಯೆ, ಲಾ ರೊಶೆಲ್, ಬೊರ್ದೊ ಎಂದು ಹನ್ನೊಂದು ಸ್ಥಳಗಳ ಪಟ್ಟಿ ಕೊಟ್ಟಿದ್ದಾರೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಉಳಿದ ಊರುಗಳಲ್ಲಿ ನಿಜವಾಗಿ ಏನನ್ನು ನೋಡಬೇಕು? ಪತ್ನಿಗೆ ಮಂಡಿನೋವಿದೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ: ಎಂಟು ರಾತ್ರಿಗಳಲ್ಲಿ ಹನ್ನೊಂದು ಸ್ಥಳಗಳನ್ನು ಸುತ್ತಿದರೆ ನಿಮಗೆ ನೆನಪಿನಲ್ಲಿ ಉಳಿಯುವುದು ರೈಲು ನಿಲ್ದಾಣಗಳು ಮಾತ್ರ. ಆದ್ದರಿಂದ ಲ ಮಾನ್, ಪ್ವಾತಿಯೆ, ಬ್ರೆಸ್ಟ್, ಲೋರಿಯಾಂ ಮತ್ತು ಮೋಂ ಸ್ಯಾಂ ಮಿಶೆಲ್ ಈ ಐದನ್ನು ಪಟ್ಟಿಯಿಂದ ತೆಗೆದುಬಿಡಿ. ಇವು ನೋಡತಕ್ಕವಲ್ಲವೆಂದು ನಾನು ಹೇಳುತ್ತಿಲ್ಲ. ಲ ಮಾನ್‌ನಲ್ಲಿ ರೋಮನ್ನರ ಕಾಲದ ಕೋಟೆಗೋಡೆಯಿದೆ, ಪ್ವಾತಿಯೆಯಲ್ಲಿ ನೋತ್ರ್ ದಾಮ್ ಲಾ ಗ್ರಾಂದ್ ಎಂಬ ಚರ್ಚಿನ ಮುಂಭಾಗದ ಶಿಲ್ಪರಾಶಿ ನಮ್ಮ ಹೊಯ್ಸಳ ಗುಡಿಗಳನ್ನು ನೋಡಿ ಬೆಳೆದ ಕಣ್ಣಿಗೂ ಬೆರಗು ಹುಟ್ಟಿಸುವಂಥದ್ದು. ಆದರೆ ಉಳಿದ ಆರು ಊರುಗಳನ್ನು ಒಂದೇ ಎಳೆಯಲ್ಲಿ ಪೋಣಿಸಲು ಬರುತ್ತದೆ, ಈ ಐದು ಆ ಎಳೆಗೆ ಸುಲಭವಾಗಿ ಸಿಗುವುದಿಲ್ಲ. ಆ ಎಳೆ ನೀರು. ಸ್ಯಾಂ ಮಾಲೋ ಸಮುದ್ರದ ಊರು, ನಾಂತ್ ಲ್ವಾರ್ ನದಿಯ ಅಳಿವೆಯ ಮೇಲ್ಭಾಗದ ಊರು, ಲಾ ರೊಶೆಲ್ ಕೊಲ್ಲಿಯ ಊರು, ಬೊರ್ದೊ ಗಾರೊನ್ ನದಿಯ ತಿರುವಿನಲ್ಲಿ ನಿಂತ ಊರು. ಇವುಗಳ ಸಂಪತ್ತು, ಸೊಬಗು, ಪಾಪ ಎಲ್ಲವೂ ಹಡಗಿನಲ್ಲಿ ಬಂದಂಥವು. ಯಾವ ಊರಿಗೆ ಹೋದರೂ ಮೊದಲು ನೀರೆಲ್ಲಿದೆ ಎಂದು ಹುಡುಕಿ ಅಲ್ಲಿಂದ ಊರನ್ನು ತಿರುಗಿ ನೋಡುವ ರೂಢಿ ಮಾಡಿಕೊಂಡರೆ, ಮಾರ್ಗದರ್ಶಿ ಇಲ್ಲದೆಯೂ ಅರ್ಧ ಊರು ತಾನೇ ತಿಳಿಯುತ್ತದೆ.

ಬ್ರೆಸ್ಟ್ ಮತ್ತು ಲೋರಿಯಾಂ ಕೂಡ ಬಂದರುಗಳೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಅಷ್ಟೇ ಅಲ್ಲ, ಭಾರತದೊಂದಿಗೆ ಅತಿ ಗಾಢವಾದ ನಂಟುಳ್ಳವೂ ಇವೇ. ಲೋರಿಯಾಂ ಹುಟ್ಟಿದ್ದೇ 1666ರಲ್ಲಿ, ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಯಾಗಿ. ಅದರ ಹೆಸರಿನಲ್ಲಿಯೇ ‘ಪೂರ್ವದೇಶ’ ಎಂಬ ಅರ್ಥವಿದೆ. ಟಿಪ್ಪು ಸುಲ್ತಾನನು ಹದಿನಾರನೆಯ ಲೂಯಿಯ ಬಳಿಗೆ ಕಳುಹಿಸಿದ್ದ ಮೂವರು ರಾಯಭಾರಿಗಳು 1788ರಲ್ಲಿ ದಕ್ಷಿಣದ ತೂಲೋನ್ ಬಂದರಿನಲ್ಲಿ ಇಳಿದು, ವರ್ಸಾಯ್ ಅರಮನೆಯಲ್ಲಿ ದೊರೆಯನ್ನು ಕಂಡು, ಬೇಡಿದ ಸೈನ್ಯ ಸಿಗದೆ ಹಿಂದಿರುಗಲು ಹಡಗು ಹತ್ತಿದ್ದು ಬ್ರೆಸ್ಟ್‌ನಲ್ಲಿ. ಆದರೆ ಎರಡನೆಯ ಮಹಾಯುದ್ಧದಲ್ಲಿ ಈ ಎರಡೂ ಊರುಗಳು ನೆಲಸಮವಾದವು. ಇಂದು ಅಲ್ಲಿ ಕಾಣುವುದು ಬಹುಪಾಲು ಯುದ್ಧಾನಂತರದ ಕಾಂಕ್ರೀಟ್ ನಗರ. ಚರಿತ್ರೆ ಬಲ್ಲವರಿಗೆ ಅದೂ ಅರ್ಥಪೂರ್ಣವೇ, ಆದರೆ ಮೊದಲ ಪ್ರವಾಸಕ್ಕಲ್ಲ.

ದಾರಿ ಹೀಗಿರಲಿ. ಪ್ಯಾರಿಸ್ಸಿನ ಮೋಂಪಾರ್ನಾಸ್ ನಿಲ್ದಾಣದಿಂದ ಸ್ಯಾಂ ಮಾಲೋಗೆ ಹೋಗಿ ಎರಡು ರಾತ್ರಿ ಇರಿ. ಅಲ್ಲಿಂದ ರೆನ್‌ನಲ್ಲಿ ಅರ್ಧ ದಿನ ಕಳೆದು ನಾಂತ್ ಸೇರಿ, ಮೂರು ರಾತ್ರಿ ತಂಗಿ, ಅದರಲ್ಲಿ ಒಂದು ಹಗಲನ್ನು ಆಂಜೆಗೆ ಕೊಡಿ. ಬಳಿಕ ಲಾ ರೊಶೆಲ್‌ನಲ್ಲಿ ಒಂದು ರಾತ್ರಿ, ಕೊನೆಗೆ ಬೊರ್ದೊದಲ್ಲಿ ಎರಡು. 2017ರಲ್ಲಿ ಹೊಸ ಅತಿವೇಗದ ಮಾರ್ಗ ತೆರೆದ ಮೇಲೆ ಬೊರ್ದೊದಿಂದ ಪ್ಯಾರಿಸ್ಸಿಗೆ ಎರಡು ಗಂಟೆಯ ಮೇಲೆ ಕೆಲವೇ ನಿಮಿಷಗಳ ಪ್ರಯಾಣ. ಈ ಕ್ರಮದಲ್ಲಿ ತುಳಿದ ಹಾದಿಯನ್ನೇ ಮತ್ತೆ ತುಳಿಯುವುದು ಕಡಿಮೆ, ಮಗಳ ಊರು ಪ್ರವಾಸದ ನಡುಮಧ್ಯಕ್ಕೆ ಬರುತ್ತದೆ. ನಾಲ್ಕೈದು ದಿನ ಬ್ರೆಡ್ಡು ತಿಂದು ಬೇಸತ್ತ ಹೊತ್ತಿಗೆ ಅವಳ ಅಡುಗೆಮನೆಯಲ್ಲಿ ಒಂದು ಹಿಡಿ ಅನ್ನ-ಸಾರು ಸಿಗುವುದು ಸಣ್ಣ ಲಾಭವೇನಲ್ಲ.

ಸ್ಯಾಂ ಮಾಲೋಗೆ ಹೊರಡುವ ದಿನವನ್ನು ಗೊತ್ತುಮಾಡುವ ಮೊದಲು ಪಂಚಾಂಗ ತೆಗೆದು ನೋಡಿ. ಇದು ತಮಾಷೆಯ ಮಾತಲ್ಲ. ಅಲ್ಲಿನ ಸಮುದ್ರದ ಏರಿಳಿತ ಯೂರೋಪಿನಲ್ಲಿಯೇ ಅತಿ ದೊಡ್ಡವುಗಳಲ್ಲಿ ಒಂದು. ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟಗಳ ನಡುವಿನ ಅಂತರ 12ರಿಂದ 13 ಮೀಟರ್ ಮುಟ್ಟುತ್ತದೆ, ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಉಬ್ಬರ ಗರಿಷ್ಠವಾಗುತ್ತದೆ. ಹಗಲಿರುಳು ಸಮನಾಗುವ ಸೆಪ್ಟೆಂಬರ್ ಕೊನೆಯಲ್ಲಂತೂ ವರ್ಷದ ಅತಿ ದೊಡ್ಡ ಉಬ್ಬರಗಳು ಬರುತ್ತವೆ. ಅಂಥ ದಿನಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಬೆಳಿಗ್ಗೆಯೂ ಸಂಜೆಯೂ ಉಬ್ಬರವಿದ್ದು ಮಧ್ಯಾಹ್ನ ನೀರು ಇಳಿದಿರುತ್ತದೆ. ಮಧ್ಯಾಹ್ನ ಮರಳಿನ ಮೇಲೆ ನಡೆದು ಗ್ರಾಂ ಬೆ ಎಂಬ ನಡುಗಡ್ಡೆಗೆ ಹೋಗಬಹುದು. ಫ್ರೆಂಚ್ ಲೇಖಕ ಶಾತೋಬ್ರಿಯಾಂ ಅಲ್ಲಿ ಸಮುದ್ರಕ್ಕೆ ಮುಖಮಾಡಿ, ಹೆಸರಿಲ್ಲದ ಒಂದು ಕಲ್ಲಿನ ಕೆಳಗೆ ಮಲಗಿದ್ದಾರೆ. ಸಂಜೆ ಅದೇ ಮರಳಿನ ಮೇಲೆ ಅಲೆಗಳು ಬಂದು ಕಟ್ಟೆಗೆ ಬಡಿಯುತ್ತವೆ. ಆ ಹೊಡೆತವನ್ನು ಮುರಿಯಲೆಂದು ಸಿಯೋಂ ಕಡಲತೀರದಲ್ಲಿ ಸಾಲಾಗಿ ನೆಟ್ಟ ಸಾವಿರಾರು ಓಕ್ ಮರದ ದಿಮ್ಮಿಗಳನ್ನು ನೋಡಲು ಮರೆಯಬೇಡಿ. ಒಂದು ಎಚ್ಚರಿಕೆ: ನಡುಗಡ್ಡೆಗೆ ಹೋಗುವ ಮುನ್ನ ಪ್ರವಾಸಿ ಕಚೇರಿಯಲ್ಲಿ ಆ ದಿನದ ಉಬ್ಬರವಿಳಿತದ ವೇಳಾಪಟ್ಟಿ ಕೇಳಿ ಪಡೆಯಿರಿ. ನೀರು ಏರತೊಡಗಿದರೆ ಹಿಂದಿರುಗುವ ಕಾಲುದಾರಿ ಬೇಗನೆ ಮುಳುಗುತ್ತದೆ, ಆಮೇಲೆ ಮುಂದಿನ ಇಳಿತದವರೆಗೆ ಅಲ್ಲಿಯೇ ಕೂರಬೇಕು.

ಊರಿನ ಸುತ್ತಲ ಕೋಟೆಗೋಡೆಯ ಮೇಲಿನ ನಡಿಗೆ ಎರಡು ಕಿಲೋಮೀಟರಿಗಿಂತ ತುಸು ಕಡಿಮೆ. ಅದಕ್ಕೆ ಶುಲ್ಕವಿಲ್ಲ. ಮೇಲೇರಲು ಮೆಟ್ಟಿಲುಗಳಿವೆ, ಏರಿದ ಮೇಲೆ ಬಹುಪಾಲು ಸಮತಟ್ಟು. ನಿಮ್ಮ ಶ್ರೀಮತಿಯವರು ಒಂದು ಸಲ ಹತ್ತಿಬಿಟ್ಟರೆ ನಿಧಾನವಾಗಿ ಅರ್ಧ ಸುತ್ತು ಹಾಕಿ ಇಳಿಯಬಹುದು. ಒಳಗಿನ ಬೂದುಬಣ್ಣದ ಗಂಭೀರ ಮನೆಗಳನ್ನು ನೋಡಿ ಹದಿನೆಂಟನೆಯ ಶತಮಾನದಲ್ಲಿ ನಿಂತಿದ್ದೇವೆಂದು ಭ್ರಮಿಸಬೇಡಿ. 1944ರ ಆಗಸ್ಟ್‌ನಲ್ಲಿ ಬಾಂಬು ಮತ್ತು ಬೆಂಕಿಗೆ ಒಳಪಟ್ಟಣದ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ನಾಶವಾಯಿತು, ಕೋಟೆಗೋಡೆ ಮಾತ್ರ ಹೆಚ್ಚುಕಡಿಮೆ ಉಳಿಯಿತು. ನೀವು ನೋಡುವುದು ಯುದ್ಧದ ಬಳಿಕ ಹಳೆಯ ಶೈಲಿಯಲ್ಲಿಯೇ, ಅದೇ ಗ್ರಾನೈಟ್ ಕಲ್ಲಿನಲ್ಲಿ ಮತ್ತೆ ಕಟ್ಟಿದ ಊರು. ಹಳೆಯ ಊರಿನ ಧನಿಕರು ಯಾರು? ದೊರೆಯ ಪರವಾನಗಿ ಪಡೆದು ಶತ್ರುದೇಶದ ಹಡಗುಗಳನ್ನು ದೋಚುತ್ತಿದ್ದ ನಾವಿಕರು. ಅವರಲ್ಲೊಬ್ಬನಾದ ಸುರ್‌ಕೂಫ್ 1800ರಲ್ಲಿ ನಮ್ಮ ಬಂಗಾಳ ಕೊಲ್ಲಿಯಲ್ಲಿಯೇ ‘ಕೆಂಟ್’ ಎಂಬ ಇಂಗ್ಲಿಷ್ ಕಂಪನಿಯ ದೊಡ್ಡ ಹಡಗನ್ನು ಹಿಡಿದವನು. 1746ರಲ್ಲಿ ಬ್ರಿಟಿಷರಿಂದ ಮದರಾಸನ್ನು ಕಿತ್ತುಕೊಂಡ ಮಾಹೆ ದ ಲಾ ಬೂರ್ದೊನೆ ಹುಟ್ಟಿದ್ದೂ ಈ ಊರಿನಲ್ಲಿಯೇ, 1699ರಲ್ಲಿ. ಶಾಲೆಯಲ್ಲಿ ನಾವು ಓದಿದ ಕರ್ನಾಟಿಕ್ ಯುದ್ಧಗಳ ಒಂದು ತುದಿ ಈ ಕೋಟೆಯ ಬಾಗಿಲಲ್ಲಿದೆ.

ನಿಮ್ಮ ವೃತ್ತಿಯ ಕಾರಣದಿಂದ ಇನ್ನೊಂದು ಸ್ಥಳವನ್ನು ಸೇರಿಸುತ್ತಿದ್ದೇನೆ, ಬೇರೆಯವರಿಗಾದರೆ ಹೇಳುತ್ತಿರಲಿಲ್ಲ. ಸ್ಯಾಂ ಮಾಲೋ ಮತ್ತು ದಿನಾರ್ ಪಟ್ಟಣಗಳ ನಡುವೆ ರಾನ್ಸ್ ನದಿಯ ಅಳಿವೆಗೆ ಅಡ್ಡಲಾಗಿ ಕಟ್ಟಿದ ಉಬ್ಬರವಿಳಿತದ ವಿದ್ಯುತ್ ಕೇಂದ್ರ 1966ರಲ್ಲಿ ಆರಂಭವಾಯಿತು. ತಲಾ 10 ಮೆಗಾವಾಟ್‌ನ 24 ಟರ್ಬೈನ್‌ಗಳಿಂದ ಅದರ ಒಟ್ಟು ಸಾಮರ್ಥ್ಯ 240 ಮೆಗಾವಾಟ್. ದಕ್ಷಿಣ ಕೊರಿಯಾದ ಸಿಹ್ವಾ ಕೇಂದ್ರ 2011ರಲ್ಲಿ ಬರುವವರೆಗೆ ಜಗತ್ತಿನಲ್ಲಿ ಈ ಬಗೆಯ ಅತಿ ದೊಡ್ಡ ಕೇಂದ್ರ ಇದೇ ಆಗಿತ್ತು. 1,035 ಮೆಗಾವಾಟ್‌ನ ಶರಾವತಿ ಕೇಂದ್ರವನ್ನು ಬಲ್ಲ ನಿಮಗೆ ಅಂಕಿ ಸಣ್ಣದೆನಿಸಬಹುದು. ಆದರೆ ನೂರಾರು ಮೀಟರ್ ಎತ್ತರದಿಂದ ಬೀಳುವ ನೀರಿನೊಂದಿಗೆ ಕೆಲಸ ಮಾಡಿದವರು, ಕೆಲವೇ ಮೀಟರ್ ಎತ್ತರದ ವ್ಯತ್ಯಾಸದಲ್ಲಿ, ಅದೂ ನೀರು ಎರಡೂ ದಿಕ್ಕಿನಲ್ಲಿ ಹರಿಯುವಾಗ ವಿದ್ಯುತ್ತು ತೆಗೆಯುವ ಬಗೆಯನ್ನು ನೋಡುವುದರಲ್ಲಿ ಬೇರೆಯೇ ಸುಖವಿದೆ. ಅಣೆಕಟ್ಟೆಯ ಮೇಲೆಯೇ ರಸ್ತೆ ಹಾದುಹೋಗುತ್ತದೆ. ಮೋಂ ಸ್ಯಾಂ ಮಿಶೆಲ್ ಬಿಡಲೇಬಾರದೆಂದು ಮನೆಯಲ್ಲಿ ಒತ್ತಾಯ ಬಂದರೆ ಈ ಎರಡನೆಯ ದಿನವನ್ನೇ ಅದಕ್ಕೆ ಬಲಿಕೊಡಬೇಕಾಗುತ್ತದೆ. ಅದು ನಗರವಲ್ಲ, ಬಂಡೆಯ ಮೇಲಿನ ಮಠ. ಮೇಲಿನವರೆಗೆ ಹೋಗಲು ನೂರಾರು ಮೆಟ್ಟಿಲುಗಳಿವೆ. ಮಂಡಿನೋವಿರುವವರನ್ನು ಅಲ್ಲಿಗೆ ಕರೆದೊಯ್ಯಲು ನಾನು ಹೇಳಲಾರೆ.

ರೆನ್‌ಗೆ ಅರ್ಧ ದಿನ ಸಾಕು ಎಂದೆ. ಬ್ರಿಟನಿ ಪ್ರಾಂತದ ರಾಜಧಾನಿಗೆ ಇಷ್ಟು ಕಡಿಮೆಯೇ ಎಂದು ಅಲ್ಲಿನವರು ಮುನಿಸಿಕೊಂಡಾರು. ಆದರೆ ಅಲ್ಲಿ ನೋಡಬೇಕಾದದ್ದೆಲ್ಲ ಒಂದು ಕಿಲೋಮೀಟರಿನೊಳಗೆ ಇದೆ. 1720ರ ಡಿಸೆಂಬರ್‌ನಲ್ಲಿ ಸುಮಾರು ಒಂದು ವಾರ ಉರಿದ ಬೆಂಕಿ ಈ ಊರನ್ನು ಎರಡಾಗಿ ಸೀಳಿತು. ಬೆಂಕಿ ತಲುಪದ ಕಡೆ ಮರದ ಚೌಕಟ್ಟಿನ, ಕೆಂಪು-ಹಳದಿ-ನೀಲಿ ಬಣ್ಣದ ಓರೆಕೋರೆ ಮನೆಗಳು ಒಂದಕ್ಕೊಂದು ಒರಗಿ ನಿಂತಿವೆ. ಸುಟ್ಟುಹೋದ ಕಡೆ ನೇರ ಬೀದಿಗಳು, ಕಲ್ಲಿನ ಮನೆಗಳು. ಒಂದು ಬೀದಿ ದಾಟಿದರೆ ಕಾಲವೇ ಬದಲಾಗುತ್ತದೆ. ಹೊಸ ಭಾಗದ ಪುರಭವನವನ್ನು ರಚಿಸಿದ ಝಾಕ್ ಗಾಬ್ರಿಯೆಲ್ ಎಂಬ ರಾಜಶಿಲ್ಪಿಯ ಹೆಸರು ನೆನಪಿರಲಿ, ಬೊರ್ದೊದಲ್ಲಿ ಅವನು ಮತ್ತೆ ಸಿಗುತ್ತಾನೆ. ಆ ಕಟ್ಟಡದ ನಡುವೆ ಖಾಲಿ ಬಿದ್ದಿರುವ ಒಂದು ದೊಡ್ಡ ಗೂಡನ್ನು ಗಮನಿಸಿ. ಬ್ರಿಟನಿಯು ಫ್ರಾನ್ಸಿನ ಮುಂದೆ ಮಂಡಿಯೂರಿದಂತೆ ತೋರಿಸುವ ಶಿಲ್ಪವೊಂದು ಅಲ್ಲಿತ್ತು. 1932ರಲ್ಲಿ ಬ್ರಿಟನಿಯ ರಾಷ್ಟ್ರವಾದಿಗಳು ಅದನ್ನು ಸ್ಫೋಟಿಸಿದರು. ಗೂಡು ಇಂದಿಗೂ ಖಾಲಿಯಿದೆ. ಹತ್ತಿರದಲ್ಲಿಯೇ ಇರುವ ಬ್ರಿಟನಿಯ ಹಳೆಯ ಪಾರ್ಲಮೆಂಟ್ ಭವನ 1720ರ ಬೆಂಕಿಯಿಂದ ಪಾರಾಗಿ, 1994ರ ಫೆಬ್ರುವರಿಯಲ್ಲಿ ಮೀನುಗಾರರ ಪ್ರತಿಭಟನೆಯ ದಿನ ಹಾರಿಸಿದ ಒಂದು ಸಂಕೇತಬಾಣದ ಕಿಡಿಗೆ ಉರಿದುಹೋಯಿತು. ಈಗ ಅದನ್ನು ಪೂರ್ಣವಾಗಿ ದುರಸ್ತಿ ಮಾಡಲಾಗಿದೆ. ನ್ಯಾಯಾಲಯವಾಗಿ ಬಳಕೆಯಲ್ಲಿರುವುದರಿಂದ ಒಳಗೆ ನೋಡಲು ಪ್ರವಾಸಿ ಕಚೇರಿಯ ಮೂಲಕ ಮೊದಲೇ ಹೆಸರು ಬರೆಸಬೇಕು. ನೀವು ಹಾಯುವ ದಿನ ಶನಿವಾರವಾಗಿದ್ದರೆ ಬೆಳಿಗ್ಗೆಯೇ ಹೋಗಿ ಲಿಸ್ ಚೌಕದ ಸಂತೆ ನೋಡಿ.

ಈಗ ನಾಂತ್. ಈ ಊರಿನಲ್ಲಿ ನೀರನ್ನು ಹುಡುಕುವುದೇ ಕಷ್ಟ, ಏಕೆಂದರೆ ನೀರನ್ನು ಮುಚ್ಚಿಬಿಟ್ಟಿದ್ದಾರೆ. ಲ್ವಾರ್ ನದಿಯ ಹಲವು ಕವಲುಗಳು ಊರೊಳಗೆ ಹರಿಯುತ್ತಿದ್ದವು. 1920ರ ದಶಕದಿಂದಾಚೆಗೆ ಅವನ್ನು ಮಣ್ಣು ತುಂಬಿ ರಸ್ತೆ ಮಾಡಿದರು. ಹಾಗಾಗಿ ಇಲ್ ಫೆದೊ ಎಂಬ ಬಡಾವಣೆಯ ಹೆಸರಿನಲ್ಲಿ ‘ದ್ವೀಪ’ ಎಂಬ ಮಾತಿದೆ, ಸುತ್ತ ನೀರಿಲ್ಲ, ಟ್ರಾಮ್ ಓಡುತ್ತದೆ. ಅಲ್ಲಿನ ಶ್ರೀಮಂತ ಮನೆಗಳನ್ನು ಸ್ವಲ್ಪ ದೂರ ನಿಂತು ನೋಡಿದರೆ ಅವು ವಾಲಿರುವುದು ಕಾಣಿಸುತ್ತದೆ. ಮರಳದಿಬ್ಬದ ಮೇಲೆ ಕಟ್ಟಿದ್ದರಿಂದ ಅಡಿಪಾಯ ಕುಸಿದಿದೆ. ಕಿಟಕಿಗಳ ಮೇಲ್ಗಡೆ ಕೆತ್ತಿದ ಕಲ್ಲಿನ ಮುಖಗಳಲ್ಲಿ ಕೆಲವು ಆಫ್ರಿಕನ್ನರ ಮುಖಗಳಿವೆ. ಈ ಮನೆಗಳನ್ನು ಕಟ್ಟಿಸಿದ ಹಡಗುದಣಿಗಳ ಹಣ ಎಲ್ಲಿಂದ ಬಂತೆಂಬುದನ್ನು ಅವರೇ ಗೋಡೆಯ ಮೇಲೆ ಬರೆದಿಟ್ಟಂತಿದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಗುಲಾಮ ವ್ಯಾಪಾರದ ಅತಿ ದೊಡ್ಡ ಬಂದರು ನಾಂತ್. ಇದರಲ್ಲಿ ಭಾರತದ ಬಟ್ಟೆಯೂ ಸೇರಿಕೊಂಡಿತ್ತು. ನಮ್ಮ ದೇಶದ ಅಚ್ಚುಬಟ್ಟೆಗಳನ್ನೂ, ಅವನ್ನು ನೋಡಿ ಕಲಿತು ನಾಂತ್‌ನಲ್ಲಿಯೇ ಅಚ್ಚು ಹಾಕಿದ, ಅಲ್ಲಿನವರು ‘ಇಂಡಿಯೆನ್’ ಎಂದೇ ಕರೆಯುತ್ತಿದ್ದ ಬಟ್ಟೆಗಳನ್ನೂ ಆಫ್ರಿಕದ ಕರಾವಳಿಯಲ್ಲಿ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಬ್ರಿಟನಿಯ ಡ್ಯೂಕರ ಕೋಟೆಯೊಳಗಿನ ವಸ್ತುಸಂಗ್ರಹಾಲಯ ಈ ಚರಿತ್ರೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಂಗ್ರಹಾಲಯಕ್ಕೆ ಟಿಕೆಟ್ ಬೇಕು. ಕೋಟೆಯ ಅಂಗಳಕ್ಕೂ ಗೋಡೆಯ ಮೇಲಿನ ನಡಿಗೆಗೂ ಬೇಡ.

ಕೋಟೆಯನ್ನು ನೋಡಿದ ದಿನವೇ ಲ್ವಾರ್ ದಂಡೆಯ ಕೆ ದ ಲಾ ಫೋಸ್ ಎಂಬ ಕಟ್ಟೆಗೆ ಹೋಗಿ. 2012ರಲ್ಲಿ ತೆರೆದ ಗುಲಾಮಗಿರಿ ನಿರ್ಮೂಲನೆಯ ಸ್ಮಾರಕ ಅಲ್ಲಿದೆ. ನೆಲದಲ್ಲಿ ಸುಮಾರು 2,000 ಗಾಜಿನ ಫಲಕಗಳನ್ನು ಹುದುಗಿಸಿದ್ದಾರೆ. ಅವುಗಳಲ್ಲಿ 1,710 ಫಲಕಗಳ ಮೇಲೆ ನಾಂತ್‌ನಿಂದ ಹೊರಟ ಗುಲಾಮ ಹಡಗುಗಳ ಹೆಸರು ಮತ್ತು ತೇದಿ ಇದೆ. ಹೆಸರುಗಳನ್ನು ಮಗಳಿಂದ ಓದಿಸಿ ಅರ್ಥ ಕೇಳಿ. ಮೆಟ್ಟಿಲಿಳಿದರೆ ಕಟ್ಟೆಯ ಒಡಲಲ್ಲಿ, ಹಡಗಿನ ಒಳಹೊಟ್ಟೆಯಂತಿರುವ ಉದ್ದನೆಯ ಹಾದಿ, ಸಂದುಗಳಿಂದ ನದಿಯ ನೀರು ಕಾಣುತ್ತದೆ. ನಾನು ಪಶ್ಚಿಮ ಫ್ರಾನ್ಸಿನಲ್ಲಿ ನೋಡಿದ ಸ್ಮಾರಕಗಳಲ್ಲಿ ಮಾತೇ ಇಲ್ಲದೆ ಮನಸ್ಸನ್ನು ಇಷ್ಟು ಹಿಡಿದು ನಿಲ್ಲಿಸಿದ್ದು ಬೇರೊಂದಿಲ್ಲ. ಪ್ರವೇಶ ಉಚಿತ. ಬಹಳಷ್ಟು ಪ್ರವಾಸಿಗಳು ಗಾಜಿನ ಫಲಕಗಳ ಮೇಲೆಯೇ ನಡೆದು ಆನೆಯ ಕಡೆಗೆ ಹೋಗಿಬಿಡುತ್ತಾರೆ.

ಆನೆ ಎಂದೆನಲ್ಲ, ಅದು ನದಿಯಾಚೆಯ ದ್ವೀಪದಲ್ಲಿ, 1987ರಲ್ಲಿ ಮುಚ್ಚಿಹೋದ ಹಡಗು ಕಾರ್ಖಾನೆಯ ಜಾಗದಲ್ಲಿದೆ. ಉಕ್ಕು ಮತ್ತು ಮರದಿಂದ ಮಾಡಿದ, 12 ಮೀಟರ್ ಎತ್ತರದ, 48 ಟನ್ ತೂಕದ ಯಂತ್ರದ ಆನೆ ಬೆನ್ನಿನ ಮೇಲೆಯೂ ಹೊಟ್ಟೆಯೊಳಗೂ ಸುಮಾರು 50 ಜನರನ್ನು ಹೊತ್ತು, ಕಣ್ಣು ಮಿಟುಕಿಸುತ್ತ, ಸೊಂಡಿಲಿನಿಂದ ಎದುರಿದ್ದವರ ಮೇಲೆ ನೀರೆರಚುತ್ತ ನಡೆಯುತ್ತದೆ. ಸಕ್ರೆಬೈಲಿನ ಆನೆಗಳನ್ನು ಕಂಡ ಶಿವಮೊಗ್ಗ ಸೀಮೆಯವರಿಗೆ ಫ್ರಾನ್ಸಿನಲ್ಲಿ ಆನೆ ತೋರಿಸುವುದೇ ಎಂದು ನಗಬೇಡಿ. ಇದರ ಹಿಂದೆ ಭಾರತದ ನೆನಪೇ ಇದೆ. ನಾಂತ್‌ನಲ್ಲಿ 1828ರಲ್ಲಿ ಹುಟ್ಟಿದ ಜೂಲ್ ವರ್ನ್ 1880ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯಲ್ಲಿ ಉಗಿಯಿಂದ ಓಡುವ ಆನೆಯೊಂದು ಉತ್ತರ ಭಾರತದ ರಸ್ತೆಗಳಲ್ಲಿ ಮನೆಗಳನ್ನೇ ಎಳೆದುಕೊಂಡು ಹೋಗುತ್ತದೆ. 2007ರಲ್ಲಿ ಈ ಯಂತ್ರಗಳ ತಾಣವನ್ನು ಆರಂಭಿಸಿದ ಫ್ರಾಂಸ್ವಾ ದೆಲಾರೊಜಿಯೇರ್ ಮತ್ತು ಪಿಯೆರ್ ಒರೆಫೀಸ್ ವರ್ನ್ ಕಲ್ಪನೆಯ ಲೋಕಕ್ಕೂ ಹಡಗು ಕಟ್ಟುವವರ ಕೈಚಳಕಕ್ಕೂ ಗಂಟುಹಾಕಿದವರು. ಎಂಜಿನಿಯರರಾದ ನಿಮಗೆ ನನ್ನ ಸಲಹೆ: ಆನೆಯ ಮೇಲೆ ಕೂತರೆ ಆನೆ ಕಾಣುವುದಿಲ್ಲ. ಕೆಳಗೆ ನಿಂತು ಕಾಲಿನ ಕೀಲುಗಳು ಮಡಚಿಕೊಳ್ಳುವ ಬಗೆಯನ್ನು ನೋಡಿ, ಅದಕ್ಕೆ ಟಿಕೆಟ್ ಕೂಡ ಬೇಕಾಗಿಲ್ಲ. ಸವಾರಿ ಬೇಕೇಬೇಕೆಂದರೆ ಮುಂಗಡವಾಗಿ ಕಾಯ್ದಿರಿಸಿ, ಏರಲು ಮೆಟ್ಟಿಲುಗಳಿರುವುದನ್ನು ನೆನಪಿಡಿ.

ನಾಂತ್‌ನ ಕೆಥೀಡ್ರಲ್ ಬಗ್ಗೆ ಒಂದು ಮಾತು. 1434ರಲ್ಲಿ ಆರಂಭವಾಗಿ 1891ರಲ್ಲಿ ಮುಗಿದ ಈ ಬಿಳಿಗಲ್ಲಿನ ಕಟ್ಟಡದ ಒಳಮಾಡು 37 ಮೀಟರಿಗೂ ಎತ್ತರ, ಪ್ಯಾರಿಸ್ಸಿನ ನೋತ್ರ್ ದಾಮ್‌ಗಿಂತ ಹೆಚ್ಚು. 2020ರ ಜುಲೈನಲ್ಲಿ ಇಲ್ಲಿಯೂ ಬೆಂಕಿ ಬಿದ್ದು ಹಳೆಯ ಆರ್ಗನ್ ವಾದ್ಯ ಸುಟ್ಟುಹೋಯಿತು, ಆದರೆ ಚಾವಣಿ ಕುಸಿಯಲಿಲ್ಲ. 1972ರಲ್ಲಿ ಒಮ್ಮೆ ಚಾವಣಿ ಸುಟ್ಟಾಗ ಮರದ ಬದಲು ಕಾಂಕ್ರೀಟಿನ ಹಂದರ ಹಾಕಿದ್ದೇ ಅದಕ್ಕೆ ಮುಖ್ಯ ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ಅದು ಮತ್ತೆ ತೆರೆದಿದೆ. ಒಳಗೆ ಡ್ಯೂಕ್ ಎರಡನೆಯ ಫ್ರಾಂಸ್ವಾ ದಂಪತಿಗಳ ಅಮೃತಶಿಲೆಯ ಸಮಾಧಿಯಿದೆ. 1507ರಲ್ಲಿ ಮುಗಿದ, ಮಿಶೆಲ್ ಕೊಲೋಂಬ್ ಎಂಬ ಶಿಲ್ಪಿಯ ಕೆಲಸ. ನಾಲ್ಕು ಮೂಲೆಯ ಸ್ತ್ರೀಮೂರ್ತಿಗಳಲ್ಲಿ ವಿವೇಕವನ್ನು ಪ್ರತಿನಿಧಿಸುವವಳನ್ನು ಹಿಂಬದಿಯಿಂದಲೂ ನೋಡಿ: ಮುಂದೆ ತರುಣಿ, ತಲೆಯ ಹಿಂಭಾಗದಲ್ಲಿ ಮುದುಕನ ಮುಖ. ಉಳಿದ ಸಮಯದಲ್ಲಿ 1843ರ ಪಸಾಝ್ ಪೊಮೆರೆ ಎಂಬ ಮೂರು ಅಂತಸ್ತಿನ ಗಾಜುಮಾಡಿನ ಅಂಗಡಿಬೀದಿಯನ್ನು ಹಾದುಹೋಗಿ. ನೆಲದ ಮೇಲೆ ಎಳೆದ ಹಸಿರು ಗೆರೆಯೊಂದು ಊರಿನ ಮುಖ್ಯ ತಾಣಗಳನ್ನೆಲ್ಲ ಜೋಡಿಸುತ್ತದೆ, ನಕ್ಷೆಯ ಗೋಜಿಲ್ಲದೆ ಅದನ್ನೇ ಹಿಡಿದು ನಡೆಯಬಹುದು. ಶನಿವಾರ ಮತ್ತು ಭಾನುವಾರ ಅಲ್ಲಿನ ಟ್ರಾಮ್-ಬಸ್ಸುಗಳಲ್ಲಿ ಟಿಕೆಟ್ ಇಲ್ಲದೆ ಓಡಾಡುವ ಸೌಲಭ್ಯ 2021ರಿಂದ ಇದೆ. ಕಾಲುನೋವಿನವರಿಗೆ ಅದು ವರದಾನ.

ಆಂಜೆ ನಾಂತ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಹದಿಮೂರನೆಯ ಶತಮಾನದ ಕೋಟೆಯ 17 ಬುರುಜುಗಳು ಕಪ್ಪು ಪದರಗಲ್ಲು ಮತ್ತು ಬಿಳಿ ಸುಣ್ಣಕಲ್ಲಿನ ಪಟ್ಟೆಗಳಿಂದ ದೂರಕ್ಕೇ ಕಾಣಿಸುತ್ತವೆ. ಆದರೆ ಹೋಗಬೇಕಾದದ್ದು ಬುರುಜಿಗಲ್ಲ, ಒಳಗೆ ಮಬ್ಬು ಬೆಳಕಿನ ಕೋಣೆಯಲ್ಲಿ ತೂಗುಹಾಕಿರುವ ‘ಪ್ರಳಯದರ್ಶನ’ದ ನೆಯ್ಗೆಗೆ. ಬೈಬಲ್ಲಿನ ಕೊನೆಯ ಭಾಗವಾದ ಪ್ರಕಟನೆಯ ಗ್ರಂಥದ ದೃಶ್ಯಗಳನ್ನು ಉಣ್ಣೆಯ ನೂಲಿನಲ್ಲಿ ನೇಯಿಸಿದವನು ಆಂಜೂವಿನ ಡ್ಯೂಕ್ ಮೊದಲನೆಯ ಲೂಯಿ, ಕಾಲ 1375ರ ಸುಮಾರು, ಚಿತ್ರ ಬರೆದುಕೊಟ್ಟವನು ಬ್ರೂಜ್ ಪಟ್ಟಣದ ಹೆನ್ನೆಕಿನ್. ಮೂಲದ ಸುಮಾರು 140 ಮೀಟರ್ ಉದ್ದದಲ್ಲಿ ಇಂದು 100 ಮೀಟರಿನಷ್ಟು ಉಳಿದಿದೆ. ಏಳು ತಲೆಯ ಮೃಗಗಳ, ಉರುಳುವ ನಗರಗಳ ನಡುವೆ ನೂರು ವರ್ಷಗಳ ಯುದ್ಧ ಮತ್ತು ಪ್ಲೇಗು ಕಂಡ ಜನರ ಭಯವೂ ನೆಯ್ಗೆಯಾಗಿದೆ. ನೇಕಾರರು ಗಂಟುಗಳನ್ನೆಲ್ಲ ಅಡಗಿಸಿ ಎರಡು ಬದಿಯೂ ಒಂದೇ ಚೆಲುವಿನಲ್ಲಿ ಇರುವಂತೆ ನೇಯ್ದರು. ಬೆಳಕು ಬೀಳದ ಹಿಂಬದಿಯ ಬಣ್ಣಗಳು ಇಂದಿಗೂ ಹಸಿಯಾಗಿವೆ. ಇಂಥ ವಸ್ತುವನ್ನು ಹದಿನೆಂಟನೆಯ ಶತಮಾನದಲ್ಲಿ ಜನ ಬೇಡವಾದ ಬಟ್ಟೆಯೆಂದು ಕತ್ತರಿಸಿ, ಚಳಿಗಾಲದಲ್ಲಿ ಕಿತ್ತಳೆ ಗಿಡಗಳಿಗೆ ಹೊದಿಸಿದ್ದರು! ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಕುಳಿತು ಆಮೇಲೆ ನೋಡಿ. ಅದನ್ನು ನೋಡಿದ ಮೇಲೆ ಮೇನ್ ನದಿಯಾಚೆ, ಹನ್ನೆರಡನೆಯ ಶತಮಾನದ ಸ್ಯಾಂ ಝಾನ್ ಆಸ್ಪತ್ರೆಯ ಕಟ್ಟಡದಲ್ಲಿರುವ ಝಾನ್ ಲುರ್ಸಾನ ನೆಯ್ಗೆಯನ್ನೂ ನೋಡಲೇಬೇಕು. ಹಳೆಯ ನೆಯ್ಗೆಯಿಂದ ಬೆರಗಾದ ಆ ಕಲಾವಿದ ಹಿರೋಶಿಮಾದ ಬಳಿಕದ ತನ್ನ ಕಾಲದ ಪ್ರಳಯವನ್ನು 1957ರಿಂದ 1966ರಲ್ಲಿ ಸಾಯುವವರೆಗೂ ನೇಯಿಸುತ್ತಲೇ ಇದ್ದ. ಬಹಳ ಜನ ಕೋಟೆ ನೋಡಿ ರೈಲು ಹತ್ತುತ್ತಾರೆ, ನೀವು ಹಾಗೆ ಮಾಡಬೇಡಿ.

ಲಾ ರೊಶೆಲ್‌ಗೆ ನಾಂತ್‌ನಿಂದ ದಿನಕ್ಕೆ ಕೆಲವೇ ರೈಲುಗಳಿವೆ, ಸಮಯ ನೋಡಿಕೊಂಡು ಹೊರಡಿ. ಬಂದರಿನ ಬಾಯಲ್ಲಿ ಎರಡು ಗೋಪುರಗಳು ಎದುರುಬದುರು ನಿಂತಿವೆ. ರಾತ್ರಿ ಅವುಗಳ ನಡುವೆ ಸರಪಳಿ ಎಳೆದು ಬಂದರನ್ನು ಮುಚ್ಚುತ್ತಿದ್ದರು, ಒಂದರ ಹೆಸರು ಇಂದಿಗೂ ಸರಪಳಿ ಗೋಪುರ. ಇನ್ನೊಂದಾದ ಸ್ಯಾಂ ನಿಕೊಲಾ ಸ್ವಲ್ಪ ವಾಲಿದೆ. ಮೂರನೆಯದು ದೀಪದ ಗೋಪುರ, ಅದರ ಒಳಗೋಡೆಗಳಲ್ಲಿ ಸೆರೆಯಾಳುಗಳು ಕೊರೆದ ನೂರಾರು ಬರಹ ಮತ್ತು ಹಡಗಿನ ಚಿತ್ರಗಳಿವೆ. ಮೂರಕ್ಕೂ ಸುತ್ತುಮೆಟ್ಟಿಲು, ನೀವೊಬ್ಬರೇ ಹತ್ತಿ ಬನ್ನಿ. ಶ್ರೀಮತಿಯವರಿಗೆ ಕಟ್ಟೆಯ ಬೆಂಚು ಮತ್ತು ಕಲ್ಲಿನ ಕಮಾನುಗಳ ನೆರಳಿನ ಬೀದಿಗಳೇ ಲೇಸು. ಪ್ರಾಟೆಸ್ಟಂಟರ ಭದ್ರನೆಲೆಯಾಗಿದ್ದ ಈ ಊರನ್ನು ಕಾರ್ಡಿನಲ್ ರಿಶಲಿಯು 1627–28ರಲ್ಲಿ ಸಮುದ್ರಕ್ಕೇ ಅಡ್ಡಗಟ್ಟೆ ಹಾಕಿ ಮುತ್ತಿದಾಗ, ಸುಮಾರು 27,000 ಜನರಲ್ಲಿ ಶರಣಾಗುವ ಹೊತ್ತಿಗೆ ಬದುಕಿ ಉಳಿದವರು 5,000ದಷ್ಟು ಮಾತ್ರ. ಪ್ರಾಟೆಸ್ಟಂಟರಿಗೆ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಟ್ಟಿದ್ದ 1598ರ ರಾಜಶಾಸನ ನಾಂತ್‌ನ ಹೆಸರನ್ನೇ ಹೊತ್ತಿದೆ, ಅದನ್ನು 1685ರಲ್ಲಿ ಹದಿನಾಲ್ಕನೆಯ ಲೂಯಿ ರದ್ದುಮಾಡಿದ.

ಬೊರ್ದೊ ಸಮುದ್ರದಿಂದ ನೂರು ಕಿಲೋಮೀಟರಿನಷ್ಟು ಒಳಗಿದೆ. ಆದರೂ ಉಬ್ಬರ ಅಲ್ಲಿಯವರೆಗೆ ಏರಿ ಬರುತ್ತದೆ. ಗಾರೊನ್ ನದಿಯ ನೀರು ಮಳೆಗಾಲದ ತುಂಗೆಯಂತೆ ಕೆಂಚಗಿರುವುದು ಅದರಿಂದಲೇ. ಹಿಂದಕ್ಕೂ ಮುಂದಕ್ಕೂ ಹರಿಯುವ ನೀರು ಕೆಸರನ್ನು ಕಲಕುತ್ತಲೇ ಇರುತ್ತದೆ. ನದಿಯ ತಿರುವು ಅರ್ಧಚಂದ್ರದಂತಿರುವುದರಿಂದ ‘ಚಂದ್ರನ ಬಂದರು’ ಎಂಬ ಹೆಸರು ಬಂತು, ಅದೇ ಹೆಸರಿನಲ್ಲಿ 2007ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಬೂರ್ಸ್ ಚೌಕವನ್ನು ರೂಪಿಸಿದವನು ರೆನ್‌ನಲ್ಲಿ ನೋಡಿದ ಅದೇ ಝಾಕ್ ಗಾಬ್ರಿಯೆಲ್, ಮುಗಿಸಿದವನು ಅವನ ಮಗ. ಅದರ ಎದುರಿಗೆ 2006ರಲ್ಲಿ ಮಾಡಿದ ನೀರುಗನ್ನಡಿ ಇದೆ. 3,450 ಚದರ ಮೀಟರ್ ಕಲ್ಲುಹಾಸಿನ ಮೇಲೆ ಎರಡು ಸೆಂಟಿಮೀಟರ್ ನೀರು, ಸ್ವಲ್ಪ ಹೊತ್ತಿಗೆ ನೀರು ಇಂಗಿ ಮಂಜು ಏಳುತ್ತದೆ, ಮತ್ತೆ ನೀರು. ಕಟ್ಟಡದ ಮುಖ ಪೂರ್ವಕ್ಕಿರುವುದರಿಂದ ಕಲ್ಲಿನ ಬಣ್ಣ ನೋಡಲು ಬೆಳಿಗ್ಗೆ ಹೋಗಿ, ಪ್ರತಿಬಿಂಬ ನೋಡಲು ಸೂರ್ಯ ಮುಳುಗಿ ದೀಪ ಹತ್ತುವ ಹೊತ್ತಿಗೆ. ಎರಡು ಸಲ ಹೋಗಲು ತಕ್ಕ ಜಾಗ ಅದು. ಅಲ್ಲಿಂದ ಕಾಣುವ 1822ರ ಕಲ್ಲುಸೇತುವೆಗೆ 17 ಕಮಾನುಗಳಿವೆ, ನೆಪೋಲಿಯನ್ ಬೋನಾಪಾರ್ಟ್ ಎಂಬ ಹೆಸರಿನ ಫ್ರೆಂಚ್ ಅಕ್ಷರಗಳಷ್ಟೇ ಎಂದು ಊರವರು ಹೇಳುತ್ತಾರೆ.

ಎಲ್ಲರೂ ಹೇಳುವ ದ್ರಾಕ್ಷಾರಸದ ವಸ್ತುಸಂಗ್ರಹಾಲಯ ‘ಸಿತೆ ದ್ಯು ವಾಂ’ 2016ರಲ್ಲಿ ತೆರೆಯಿತು. ಕುಡಿಯದವರಿಗೆ ಅದರ ಶುಲ್ಕ ದುಬಾರಿಯೆಂದೇ ನನ್ನ ಅಭಿಪ್ರಾಯ. ಆ ಸಮಯವನ್ನು ಅಕಿತೇನ್ ವಸ್ತುಸಂಗ್ರಹಾಲಯಕ್ಕೆ ಕೊಡಿ. ಅಕಿತೇನಿನ ಎಲೆನೋರ್ ರಾಣಿ 1137ರಲ್ಲಿ ಇಲ್ಲಿನ ಕೆಥೀಡ್ರಲ್‌ನಲ್ಲಿ ಫ್ರಾನ್ಸಿನ ಯುವರಾಜನನ್ನು ವರಿಸಿ, ಆ ಮದುವೆ ಮುರಿದ ಮೇಲೆ 1152ರಲ್ಲಿ ಹೆನ್ರಿ ಪ್ಲಾಂಟಾಜನೆಟ್‌ನನ್ನು ಮದುವೆಯಾಗಿ, ಅವನು ಇಂಗ್ಲೆಂಡಿನ ದೊರೆಯಾದದ್ದರಿಂದ ಬೊರ್ದೊ 1453ರವರೆಗೆ ಇಂಗ್ಲಿಷರ ಕೈಯಲ್ಲಿತ್ತು. ಊರಿನ ದ್ರಾಕ್ಷಾರಸ ಲಂಡನ್ನಿಗೆ ಹಡಗು ಹತ್ತಿದ್ದು ಹಾಗೆ. ಕಟ್ಟಡಗಳಲ್ಲಿ ಆಸಕ್ತಿಯಿದ್ದರೆ ಹತ್ತಿರದ ಪೆಸಾಕ್‌ನಲ್ಲಿ ಲ ಕಾರ್ಬೂಸಿಯೇ 1920ರ ದಶಕದಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಬಣ್ಣದ ಡಬ್ಬಿಗಳಂಥ ಮನೆಗಳಿವೆ. 2016ರಲ್ಲಿ ಅವು ನಮ್ಮ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣದೊಡನೆಯೇ ಯುನೆಸ್ಕೊ ಮನ್ನಣೆ ಪಡೆದವು.

ಊಟದ ವಿಷಯ. ಬ್ರಿಟನಿಯ ಗಾಲೆತ್ ನೋಡಲು ನಮ್ಮ ದೋಸೆಯಂತೆಯೇ ಇರುತ್ತದೆ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿನಿಂದ ಅದನ್ನು ಮಾಡುತ್ತಾರೆ. ಹಿಟ್ಟು, ನೀರು, ಉಪ್ಪು ಇಷ್ಟೇ ಹಾಕುವವರು ಬಹಳ, ಕೆಲವರು ಮೊಟ್ಟೆ ಸೇರಿಸುತ್ತಾರೆ. ಸಾಂಪ್ರದಾಯಿಕ ಅಂಗಡಿಗಳಲ್ಲಿ ಕಾವಲಿಗೆ ಹಂದಿಯ ಕೊಬ್ಬು ಸವರುವ ರೂಢಿಯೂ ಇದೆ. ಸಿಹಿಯಾದ ಕ್ರೇಪ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಬೊರ್ದೊದ ಕನೆಲೆ ಎಂಬ ಸಿಹಿಯಲ್ಲಿ ಮೊಟ್ಟೆಯ ಜೊತೆಗೆ ರಮ್ ಕೂಡ. ಹಲವು ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಆದ್ದರಿಂದ ಮೊಟ್ಟೆ, ಮಾಂಸ, ಮೀನು, ಪ್ರಾಣಿಕೊಬ್ಬು ಬೇಡವೆಂದು ಮಗಳ ಕೈಯಿಂದ ಫ್ರೆಂಚಿನಲ್ಲಿ ಒಂದು ಚೀಟಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ಮಧ್ಯಾಹ್ನ ಎರಡರ ಬಳಿಕ ಬಹುತೇಕ ಅಡುಗೆಮನೆಗಳು ಮುಚ್ಚಿ ಸಂಜೆ ಏಳರ ಮೇಲೆಯೇ ತೆರೆಯುತ್ತವೆ. ಹಸಿವು ತಡೆಯದವರು ನಾಂತ್‌ನ ತಲಾಂಸಾಕ್, ಬೊರ್ದೊದ ಕಪ್ಯುಸಾಂ ಮುಂತಾದ ಮಾರುಕಟ್ಟೆಗಳಿಂದ ಬ್ರೆಡ್ಡು, ಹಣ್ಣು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಚಟ್ನಿಪುಡಿಯ ಡಬ್ಬಿಯನ್ನು ಮರೆಯಬೇಡಿ ಎಂದು ನಾನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನೆರಡು ವ್ಯಾವಹಾರಿಕ ಸಂಗತಿಗಳು. ವಸ್ತುಸಂಗ್ರಹಾಲಯಗಳಿಗೆ ವಾರದ ರಜೆ ಸೋಮವಾರ ಅಥವಾ ಮಂಗಳವಾರ ಇರುವುದು ಸಾಮಾನ್ಯ, ನಾಂತ್‌ನ ಕೋಟೆಯ ದಿನವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಸೆಪ್ಟೆಂಬರ್‌ನ ಮೂರನೆಯ ವಾರಾಂತ್ಯದಲ್ಲಿ ಫ್ರಾನ್ಸಿನಾದ್ಯಂತ ಪರಂಪರೆಯ ದಿನಗಳು ನಡೆಯುತ್ತವೆ, ಬೇರೆ ದಿನ ಮುಚ್ಚಿರುವ ಹಲವು ಸರ್ಕಾರಿ ಕಟ್ಟಡಗಳು ಆಗ ಸಾರ್ವಜನಿಕರಿಗೆ ತೆರೆದಿರುತ್ತವೆ. ಸಾಲು ಉದ್ದ, ಖರ್ಚು ಇಲ್ಲ. ಅತಿವೇಗದ ರೈಲುಗಳ ದರ ದಿನ ಹತ್ತಿರವಾದಂತೆ ಏರುವುದರಿಂದ ಪ್ಯಾರಿಸ್–ಸ್ಯಾಂ ಮಾಲೋ ಮತ್ತು ಬೊರ್ದೊ–ಪ್ಯಾರಿಸ್ ಟಿಕೆಟ್‌ಗಳನ್ನು ಈಗಲೇ ಕೊಳ್ಳಿ. ನಾಂತ್–ಆಂಜೆಯಂಥ ಪ್ರಾದೇಶಿಕ ರೈಲಿಗೆ ಅಂದು ಬೆಳಿಗ್ಗೆ ನಿಲ್ದಾಣದಲ್ಲಿ ಕೊಂಡರೂ ನಡೆಯುತ್ತದೆ.